ಪೆಂಗ್ವಿನ್ ಊರಿನ ಭಾವ

ನನ್ನ ಹೆಂಡತಿಯ ಅಣ್ಣನಿಗೆ ಹುಚ್ಚಿಲ್ಲ. ಇದನ್ನು ನಾನು ಯಾವ ಕೋರ್ಟಿನಲ್ಲಾದರೂ ಹೇಳಬಲ್ಲೆ. ನಂಬಿಸಬಲ್ಲೆನೇ ಎಂಬುದು ಬೇರೆ ಮಾತು! ಹುಬ್ಬಳ್ಳಿ ಕಡೆಯ ಈ ಭಾವ, ಅಂಟಾರ್ಕ್ಟಿಕಾಕ್ಕೆ ಪ್ರವಾಸಿಗರನ್ನು ಒಯ್ಯುವ ಹಡಗಿನಲ್ಲಿ ಅಡುಗೆಯವರು. ಅಲ್ಲಿ ಚಳಿಗಾಲದ ಕತ್ತಲು ಕವಿದು ಹಡಗಿಗೆ ರಜೆ ಬಿದ್ದರೆ, ಮೈ ಬೆಚ್ಚಗೆ ಮಾಡಿಕೊಳ್ಳಲು ಖೈತಾನ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬರುತ್ತಾರೆ. ಅದೂ ಜುಲೈನಲ್ಲಿ! ನಲ್ಲಿ ತಿರುಗಿಸಿದರೆ ಚಹಾಕ್ಕೆ ಆಗುವಷ್ಟು ಬಿಸಿನೀರು ಬರುವ ಕುವೈತಿನ ಜುಲೈನಲ್ಲಿ!

ಈ ಸಲ ಬಂದವರೇ ಬಾಗಿಲಲ್ಲಿ ಬಕೆಟ್ಟು, ಬ್ರಷ್ಷು ಇಟ್ಟುಕೊಂಡು ಕೂತರು. ಹಿಮದ ಮೇಲೆ ಹೊರಗಿನ ಒಂದು ಬೀಜವೂ ಬೀಳಬಾರದೆಂದು ಹಡಗಿನಲ್ಲಿ ಎಲ್ಲರ ಬೂಟು ತೊಳೆಸುತ್ತಾರಂತೆ, ಜೇಬಿಗೂ ವ್ಯಾಕ್ಯೂಮ್ ಹಿಡಿಯುತ್ತಾರಂತೆ. ಊಟಕ್ಕೆ ಬಂದ ನನ್ನ ಮ್ಯಾನೇಜರರ ಜೇಬಿಗೂ ಹಿಡಿದೇಬಿಟ್ಟರು! ಒಳಗಿದ್ದ ಏಲಕ್ಕಿ ಸರ್ರನೆ ಮಾಯ.

"ಎಂತ ಮಾರಾಯ್ರೆ, ಇದು ಮನೆಯಾ ಏರ್‌ಪೋರ್ಟಾ?" ಎಂದರು ಮಂಗಳೂರಿನ ಆ ಸಾಹೇಬರು.

"ಏಲಕ್ಕಿನೂ ಬೀಜನ ಅಲ್ಲೇನ್ರಿ?" ಎಂದರು ಭಾವ.

ಒಳಗೆ ಮೇಜಿನ ಬಟ್ಟೆ ಒದ್ದೆ. ಅಲೆಗೆ ತಟ್ಟೆ ಜಾರದಿರಲೆಂದು ಹಡಗಿನಲ್ಲಿ ಹೀಗೆ ಮಾಡುವುದು ರೂಢಿಯಂತೆ.

"ಅಣ್ಣಾ, ಇದು ಏಳನೇ ಮಹಡಿ! ಇಲ್ಲೆ ಎಲ್ಲಿ ಅಲಿ ಬರ್ತಾವ?" ಎಂದು ನನ್ನವಳು ಹಣೆ ಚಚ್ಚಿಕೊಂಡಳು.

"ಬರೂ ಮುಂದ ಹೇಳಿ ಬರ್ತಾವೇನು?"

ಅಂದು ಏಸಿ ಕೆಟ್ಟಿತ್ತು. ಅನ್ನ ಬಡಿಸುವಷ್ಟರಲ್ಲಿ ಬಟ್ಟೆ ಒಣಗಿ ಖಲಾಸ್!

ಇನ್ನು ಪೆಂಗ್ವಿನ್‌ಗಳ ದಾರಿಗೆ ಮನುಷ್ಯ ಅಡ್ಡ ಹೋಗಬಾರದು, ಅವು ದಾಟುವವರೆಗೆ ಕಾಯಬೇಕು ಎಂಬುದು ಅಲ್ಲಿನ ನಿಯಮವಂತೆ. ಖೈತಾನಿನಲ್ಲಿ ಪೆಂಗ್ವಿನ್ ಎಲ್ಲಿ? ಬೆಕ್ಕುಗಳಿವೆಯಲ್ಲ! ಮೊಸರು ಕೊಂಡು ಮೇಲೆ ಬರುತ್ತಿದ್ದ ಭಾವ, ಮೆಟ್ಟಿಲಲ್ಲಿ ಬೆಕ್ಕು ಮಲಗಿದೆಯೆಂದು ನಿಂತೇಬಿಟ್ಟರು. ಕಟ್ಟಡದ ಕಾವಲುಗಾರ "ಯಲ್ಲಾ, ಯಲ್ಲಾ!" ಎಂದು ಅರಬ್ಬಿಯಲ್ಲಿ ಅವಸರಿಸಿ ಚಪ್ಪಾಳೆ ತಟ್ಟಿದ. ಬೆಕ್ಕು ಏಳಲಿಲ್ಲ. ಮೊಸರು ಹುಳಿಯಾಯಿತು.

ನಾವೆಲ್ಲ ಹೀಗೆ ನಗುತ್ತಿರುವಾಗ ನನ್ನ ಹೆಂಡತಿ ಬೇರೆಯದೇ ಹೂಟ ನಡೆಸಿದ್ದಳು. ಹಿಂದಿನ ಸಲ ಬಿರುಗಾಳಿಗೆ ಹಡಗು ವಾಲಿ, ಕುದಿಯುವ ಸೂಪು ಚೆಲ್ಲಿ ಭಾವನ ಮುಂಗೈ ಸುಟ್ಟಿತ್ತು. ಆ ಕಲೆ ಕಂಡಾಗಿನಿಂದ ಅವಳಿಗೆ ನೆಮ್ಮದಿಯಿಲ್ಲ. ಇಲ್ಲೇ ಸಲ್ವಾದ ಒಂದು ಕ್ಯಾಂಟೀನಿನಲ್ಲಿ ಕೆಲಸ ಗೊತ್ತುಮಾಡಿ, ವೀಸಾ ಕೊಡಿಸುವ ಕಫೀಲನನ್ನೂ ಒಪ್ಪಿಸಿದ್ದಳು.

"ಇಲ್ಲೇ ಇರು ಅಣ್ಣಾ. ಇಲ್ಲಿ ನೆಲಾ ಅಲುಗಾಡೂದಿಲ್ಲ."

ಭಾವ ಹೋಗಿ ನೋಡಿ ಬಂದರು. "ಕಿಚನ್ ಛಲೋ ಅದ. ಆದ್ರ ಒಂದ ಕಡೆ ನಿಂತುಬಿಟ್ಟದ. ತಲಿ ತಿರುಗತದ ನನಗ!"

ಅಷ್ಟರಲ್ಲಿ ಹಡಗಿನಿಂದ ಕರೆ ಬಂತು. ಭಾವ ಪೆಟ್ಟಿಗೆ ಕಟ್ಟಿದರು. ತಂಗಿ ಮಾತು ಬಿಟ್ಟಳು. ಕೊನೆಗೆ ಏರ್‌ಪೋರ್ಟಿನ ಒಳಹೋಗುವ ಬಾಗಿಲಲ್ಲಿ ಕೇಳಿದಳು: "ಅಷ್ಟ ದೂರ ಒಬ್ಬನ ಇರ್ತಿ. ಹೆದರಿಕಿ ಆಗೂದಿಲ್ಲೇನು?"

"ಆಗತದ. ಆವಾಗ ಬಾಯಿಗೆ ಬಂದಂಗ ನಿನ್ನ ಬೈತೀನಿ."

"ನನ್ನ್ಯಾಕ?"

"ಸಣ್ಣಾಕಿ ಇದ್ದಾಗ ಗುಡುಗಿಗೆ ಹೆದರಿ ಅಳತಿದ್ದಿ. ಬೈದು ಬೈದು ಮಲಗಸ್ತಿದ್ದೆ. ಈಗೂ ಬೈದ್ರ ನೀ ಬಾಜೂಕ ಇದ್ದಂಗ ಅನಸ್ತದ. ನೀ ಬಾಜೂಕ ಇದ್ದಾಗ ನಾ ಹೆದರಿದ್ರ ನಡೀತದೇನು?"

ನನ್ನ ಹೆಂಡತಿ ಅವರ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಹಿಡಿದುಕೊಂಡೇ, "ಹೋಗು, ಹೊತ್ತಾಗತದ, ಹೋಗು" ಎನ್ನುತ್ತಿದ್ದಳು.