ಮಕ್ಕಳ ಡಾಕ್ಟರ್ ಮರಳುಗುಡ್ಡ ಹತ್ತಿದ್ದು

ನಮ್ಮ ಜನ ನಾಲ್ಕು ಗಾಡಿ ತಗೊಂಡು ಮರಳಿಗಿಳಿದ್ರೆ ಸಂಜೆಯೊಳಗೆ ಒಂದು ಕತೆ ಹುಟ್ಟದೆ ಇರೋದಿಲ್ಲ. ಹನ್ನೊಂದು ವರ್ಷದಿಂದ ನೋಡ್ತಾ ಇದೀನಿ, ಒಂದ್ಸಲವೂ ಬರಿಗೈಲಿ ವಾಪಸ್ ಬಂದಿಲ್ಲ.

ನಾನು ಭೂವಿಜ್ಞಾನಿ. ಎರಡು ವಾರ ಗಣಿಯಲ್ಲಿ ಕಲ್ಲು ನೋಡೋದು, ಒಂದು ವಾರ ಪರ್ತ್‌ನ ಪಿಯಾರಾ ವಾಟರ್ಸ್ ಮನೆಯಲ್ಲಿ ಹೆಂಡತಿ ಮುಖ ನೋಡೋದು. ಆ ಒಂದು ವಾರದಲ್ಲೂ ಒಂದು ದಿನ ಕದ್ದು, ನಮ್ಮ ಕನ್ನಡದವರ ಹವ್ಯಾಸಿ ಕೂಟದಲ್ಲಿ ಹೊಸಬರಿಗೆ ಮರಳಲ್ಲಿ ಗಾಡಿ ಓಡಿಸೋದು ಹೇಳ್ಕೊಡ್ತೀನಿ. ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರೂ ಕಡೆ ಸದಸ್ಯರಿದ್ದಾರೆ. ವರ್ಷವೆಲ್ಲಾ ಅವರವರ ಊರಿನ ಮರಳಲ್ಲಿ ಕಲೀತಾರೆ, ಚಳಿಗಾಲದಲ್ಲಿ ಅಡಿಲೇಡ್‌ನಲ್ಲಿ ಸೇರಿ ಉತ್ತರದ ಮರಳುಗಾಡಿಗೆ ಹೋಗ್ತೀವಿ. ಸಂಬಳ ಇಲ್ಲ, ಸನ್ಮಾನ ಇಲ್ಲ. ಆದ್ರೂ ನನ್ನ ಬ್ಯಾಚು ಅಂದ್ರೆ ನಂಗೆ ಜಂಬ. ಜಂಬ ಅಂತಾನೇ ಅನ್ನಿ, ಬೇಜಾರಿಲ್ಲ.

ಅದರಲ್ಲೂ ಈ ಸಲದ ಬ್ಯಾಚಿನಲ್ಲಿ ಒಬ್ಬರು ಆಂಟಿ ಇದ್ರು. ಅರವತ್ತೇಳು ವರ್ಷ, ಮೈಸೂರಿನವರು, ಮಕ್ಕಳ ಡಾಕ್ಟರು, ಈಗಲೂ ವಾರಕ್ಕೆರಡು ದಿನ ಕ್ಲಿನಿಕ್‌ಗೆ ಹೋಗ್ತಾರೆ. ಬೇಸಿಗೆಯಲ್ಲಿ ಶಾಪಿಂಗ್ ಸೆಂಟರಿನ ಪಾರ್ಕಿಂಗ್‌ನಲ್ಲಿ ಕಂಬಕ್ಕೆ ಗಾಡಿ ತಾಗಿಸಿದ್ರು. ಬಾಗಿಲು ಸ್ವಲ್ಪ ನೆಗ್ಗಿತು, ಕಂಬಕ್ಕೇನೂ ಆಗ್ಲಿಲ್ಲ. ಆದ್ರೆ ಬ್ರಿಸ್ಬೇನ್‌ನ ರನ್‌ಕಾರ್ನ್‌ನಲ್ಲಿರೋ ಮಗಳು ಹಠ ಹಿಡಿದುಬಿಟ್ಳು: ಸಾಕು, ಕಾರು ಮಾರಿ, ಟ್ಯಾಕ್ಸಿಯಲ್ಲಿ ಓಡಾಡಿ. ಆಂಟಿ ವಾದ ಮಾಡ್ಲಿಲ್ಲ, ನೇರ ಬಂದು ನನ್ನ ಬ್ಯಾಚಿಗೆ ಸೇರಿದ್ರು. ಮಗಳಿಗೆ ಹೇಳಿದ್ದು ಇಷ್ಟೇ: "ಚಳಿಗಾಲದ ಟ್ರಿಪ್‌ಗೆ ನೀನೂ ಬಾ, ನನ್ನ ಗಾಡಿಯಲ್ಲೇ ಕೂತ್ಕೋ. ಮರಳುಗಾಡಲ್ಲಿ ಒಂದೇ ಒಂದ್ಸಲ ನನ್ನ ಸ್ಟೀರಿಂಗ್ ಬೇರೆಯವರ ಕೈಗೆ ಹೋದ್ರೂ, ಪರ್ತ್‌ಗೆ ಬಂದ ದಿನವೇ ಮಾರಿಬಿಡ್ತೀನಿ. ಹೋಗ್ಲಿಲ್ವೋ, ನೀನು ಈ ಮಾತು ಮತ್ತೆ ಎತ್ತಬಾರದು." ಮಗಳು "ಡೀಲ್" ಅಂದ್ಳಂತೆ.

"ಕಾರು ಹೋದ್ರೆ ಕ್ಲಿನಿಕ್ ಹೋದ ಹಾಗೆ," ಅಂದ್ರು ಆಂಟಿ ಮೊದಲ ದಿನ ನನ್ನ ಹತ್ರ. "ಕ್ಲಿನಿಕ್ ಹೋದ್ರೆ ಇಡೀ ವಾರ ಮನೇಲಿ ಇವರ ಜೊತೆ ಕೂತಿರಬೇಕು."

ಪಕ್ಕದಲ್ಲಿ ನಿಂತಿದ್ದ ಅವರ ಯಜಮಾನರು, ನಮ್ಮ ಅಂಕಲ್, ತಲೆ ಆಡಿಸಿದ್ರು. "ನಂಗೂ ಅದೇ ಭಯ ಕಣಪ್ಪ. ಹೆಂಗಾದ್ರೂ ಪಾಸ್ ಮಾಡಿಸು."

೧. ಗಾಳಿ ಬಿಡೋ ಪಾಠ

ಮರಳಿಗಿಳಿಯೋ ಮುಂಚೆ ಟೈರಿನ ಗಾಳಿ ಅರ್ಧಕ್ಕರ್ಧ ಇಳಿಸಬೇಕು. ಟೈರು ಚಪ್ಪಟೆಯಾಗಿ ಅಗಲ ಆದ್ರೆ ಮರಳ ಮೇಲೆ ತೇಲುತ್ತೆ, ಇಲ್ದಿದ್ರೆ ಹೂತ್ಕೊಳ್ಳುತ್ತೆ. ಇದೇ ಮೊದಲನೇ ಪಾಠ. ಇದನ್ನ ನಮ್ಮವರಿಗೆ ಒಪ್ಪಿಸೋ ಹೊತ್ತಿಗೆ ನನ್ನ ಗಾಳಿಯೇ ಹೋಗಿರುತ್ತೆ.

ಪರ್ತ್‌ನ ಉತ್ತರಕ್ಕೆ, ಸಮುದ್ರದ ಪಕ್ಕದ ಮರಳುದಿಬ್ಬಗಳ ಹತ್ರ ನಾಲ್ಕು ಗಾಡಿ ನಿಲ್ಲಿಸಿ "ಎಲ್ಲರೂ ಗಾಳಿ ಬಿಡಿ" ಅಂದೆ. ಯಾರೂ ಅಲ್ಲಾಡ್ಲಿಲ್ಲ. ಗಣಿಯ ಎಂಜಿನಿಯರ್ ಒಬ್ಬ ಹೊಚ್ಚ ಹೊಸ ಗಾಡಿ ತಂದಿದ್ದ.

"ಬೆಳಿಗ್ಗೆ ತಾನೇ ಪೆಟ್ರೋಲ್ ಬಂಕಲ್ಲಿ ನಿಂತು ತುಂಬಿಸ್ಕೊಂಡು ಬಂದಿದೀನಿ ಸಾರ್," ಅಂದ.

"ಅದನ್ನೇ ಬಿಡಬೇಕು."

"ಮತ್ತೆ ಯಾಕೆ ತುಂಬಿಸಿದ್ದು?"

ಉಳಿದವರೂ ಶುರು ಹಚ್ಕೊಂಡ್ರು. ಟೈರು ಹಾಳಾಗಲ್ವಾ, ವಾರಂಟಿ ಹೋಗಲ್ವಾ, ಮೂರು ಟೈರಿಗೆ ಮಾತ್ರ ಬಿಟ್ರೆ ಆಗಲ್ವಾ. ನಾನು ಭೌತಶಾಸ್ತ್ರ ಹೇಳಿದೆ, ಅವರು ನಂಗಿಂತ ಜಾಸ್ತಿ ಭೌತಶಾಸ್ತ್ರ ಹೇಳಿದ್ರು. ಎಂಜಿನಿಯರುಗಳಿಗೆ ಪಾಠ ಮಾಡೋದು ಅಂದ್ರೆ ಹೀಗೇ.

ಅಷ್ಟರಲ್ಲಿ ಆಂಟಿ ತಮ್ಮ ಗಾಡಿ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ವಾಲ್ವ್ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಟೈರನ್ನ ಮೆಲ್ಲಗೆ ತಟ್ತಾ ಇದ್ರು. ಯಾಕೆ ತಟ್ತಿದೀರಿ ಅಂತ ಕೇಳಿದೆ.

"ಅಭ್ಯಾಸ," ಅಂದ್ರು. "ನಲವತ್ತು ವರ್ಷದಿಂದ ಹೊಟ್ಟೆ ಉಬ್ಬರಿಸಿದ ಮಕ್ಕಳನ್ನೇ ನೋಡ್ತಿರೋದು." ಆಮೇಲೆ ಎಂಜಿನಿಯರ್ ಕಡೆ ತಿರುಗಿ, "ನೀನೂ ಬಿಡಪ್ಪ. ಒಂದು ತೇಗು ಬಂದ್ರೆ ಎಲ್ಲಾ ಸರಿಹೋಗುತ್ತೆ," ಅಂದ್ರು. ಅದೇನು ಧ್ವನಿಯೋ, ಅವನು ಮರುಮಾತಿಲ್ಲದೆ ಹೋಗಿ ನಾಲ್ಕೂ ಟೈರಿನ ಗಾಳಿ ಬಿಟ್ಟ. ಅವತ್ತು ಮೊದಲ ದಿಬ್ಬವನ್ನ ನಾಲ್ಕು ಗಾಡಿನೂ ಹೂವಿನ ಹಾಗೆ ಹತ್ತಿದ್ವು.

ಅಂಕಲ್ ಮಾತ್ರ ನನ್ನ ಹತ್ರ ಬಂದು ಮೆತ್ತಗೆ ಅಂದ್ರು: "ಮದುವೆ ಆದಾಗಿಂದ ನನ್ನ ಗಾಳಿ ಬಿಡ್ತಾನೇ ಬಂದಿದಾಳೆ. ಈ ಲೆಕ್ಕದಲ್ಲಿ ನಾನು ಮರಳ ಮೇಲೆ ತೇಲಬೇಕಿತ್ತಲ್ಲಯ್ಯ."

೨. ಏಳು ಜೊತೆ ಚಪ್ಪಲಿ

ಅದೇ ಎಂಜಿನಿಯರ್ ಗಾಡಿ. ಒಳಗೆಲ್ಲಾ ಕೆನೆ ಬಣ್ಣದ ಸೀಟು. ದಿಬ್ಬದ ಮೇಲಿಂದ ಇಳಿಯೋದು ಹೇಗೆ ಅಂತ ತೋರಿಸ್ಬೇಕಿತ್ತು, ಏಳು ಜನ ಹಿಡಿಯೋ ಗಾಡಿ ಅದೊಂದೇ. "ಎಲ್ಲರೂ ಇದರಲ್ಲೇ ಕೂತ್ಕೊಳಿ, ನಾನು ಓಡಿಸ್ತೀನಿ, ನೋಡಿ ಕಲೀರಿ" ಅಂದೆ.

ಎಂಜಿನಿಯರ್ ಬಾಗಿಲಿಗೆ ಅಡ್ಡ ನಿಂತ. "ಸಾರ್, ತಪ್ಪು ತಿಳೀಬೇಡಿ. ಚಪ್ಪಲಿ ಬಿಚ್ಚಿ ಹತ್ತಿ."

ಬೇರೆ ಯಾರಾದ್ರೂ ಆಗಿದ್ರೆ ಜಗಳ ಆಗ್ತಿತ್ತು. ನಮ್ಮವರಿಗೆ ಇದು ಜಗಳದ ವಿಷಯವೇ ಅಲ್ಲ. ಬಿಚ್ಚಿದ್ವಿ. ಬಿಚ್ಚಿದ್ದು ಮಾತ್ರವಲ್ಲ, ಮನೆ ಬಾಗಿಲಲ್ಲಿ ಬಿಡೋ ಹಾಗೆ ಸಾಲಾಗಿ, ಜೋಡಿ ಜೋಡಿಯಾಗಿ ಇಟ್ವಿ. ಸಮುದ್ರದ ಕಡೆ ಮುಖ ಮಾಡಿ ಏಳು ಜೊತೆ. ನಾವು ಹೊರಟ್ವಿ.

ವಾಪಸ್ ಬರೋದಕ್ಕೆ ಮುಕ್ಕಾಲು ಗಂಟೆ ಆಯ್ತು. ಬಂದು ನೋಡ್ತೀವಿ, ಬೇರೊಂದು ಕ್ಲಬ್ಬಿನ ಐದಾರು ಗಾಡಿ ನಿಂತಿವೆ. ಎಲ್ಲಾ ಇಲ್ಲಿನವರೇ, ನಿವೃತ್ತರಾದ ಹಿರಿಯರು. ಒಬ್ಬರು ದುರ್ಬೀನು ಹಿಡ್ಕೊಂಡು ಅಲೆಗಳನ್ನೇ ನೋಡ್ತಿದ್ದಾರೆ. ಇಬ್ಬರು ದಡದ ಉದ್ದಕ್ಕೂ ಕೂಗ್ತಾ ಓಡಾಡ್ತಿದ್ದಾರೆ. ಒಬ್ಬ ಹೆಂಗಸು ನಮ್ಮ ಚಪ್ಪಲಿಗಳ ಮುಂದೆ ಹ್ಯಾಟು ತೆಗೆದು ನಿಂತಿದ್ದಾರೆ. ಅವರು ಕಂಡಿದ್ದೇನು? ಜನವಿಲ್ಲದ ಮೂರು ಗಾಡಿ, ಸಮುದ್ರಕ್ಕೆ ಮುಖ ಮಾಡಿದ ಏಳು ಜೊತೆ ಚಪ್ಪಲಿ. ಪಾಪ, ಏನಂತ ತಿಳ್ಕೋಬೇಕು ಹೇಳಿ.

ನಾವು ಏಳೂ ಜನ ಬರಿಗಾಲಲ್ಲಿ ಇಳಿದಾಗ ಆ ಹೆಂಗಸು ಮರಳಲ್ಲೇ ಕೂತ್ಬಿಟ್ರು. ನಂಗೆ ನಾಚಿಕೆಯಾಗಿ ಎಲ್ಲರಿಗೂ ಸಾರಿ ಕೇಳ್ತಾ ಹೋದೆ. ದುರ್ಬೀನಿನ ಅಜ್ಜ ಬಹಳ ಮರ್ಯಾದೆಯಿಂದ ಆಂಟಿ ಹತ್ರ ಬಂದು, ಇದು ನಿಮ್ಮ ಧರ್ಮದ ಯಾವುದಾದ್ರೂ ಆಚರಣೆಯೇ ಅಂತ ಕೇಳಿದ್ರು.

"ಇಲ್ಲ," ಅಂದ್ರು ಆಂಟಿ. "ಸೀಟು ಹೊಸದು."

೩. ರೇಡಿಯೋದಲ್ಲಿ ಪೇಷಂಟು

ಚಳಿಗಾಲ ಬಂತು. ಪರ್ತ್‌ನಿಂದ ಅಡಿಲೇಡ್‌ಗೆ ಮೂರು ದಿನ, ಆಂಟಿಯೇ ಅಷ್ಟೂ ದೂರ ಓಡಿಸಿದ್ರು. ಅಂಕಲ್ ಕೆಲಸ ಫ್ಲಾಸ್ಕ್ ಹಿಡ್ಕೊಳ್ಳೋದು. ಅಡಿಲೇಡ್‌ನಲ್ಲಿ ಬ್ರಿಸ್ಬೇನ್‌ನಿಂದ ಹಾರಿಬಂದ ಮಗಳು ಹಿಂದಿನ ಸೀಟಿಗೆ ಸೇರ್ಕೊಂಡ್ಳು, ಜೊತೆಗೊಂದು ದೊಡ್ಡ ಸೂಟ್‌ಕೇಸು. ಅದೇ ಊರಿನ ಪ್ರಾಸ್ಪೆಕ್ಟ್ ಬಡಾವಣೆಯ ಹೃದಯದ ಡಾಕ್ಟರ್ ಒಬ್ಬರು ತಮ್ಮ ಬಿಳಿ ಗಾಡಿ ತಗೊಂಡು ಕೂಡಿಕೊಂಡ್ರು, ಅವರೂ ಹೊಸಬರೇ. ಮಗಳಿಗೆ ಕನ್ನಡ ಪೂರ್ತಿ ಅರ್ಥ ಆಗುತ್ತೆ, ಉತ್ತರ ಮಾತ್ರ ಇಂಗ್ಲಿಷ್‌ನಲ್ಲಿ. ಅಮ್ಮ ಕಾರು ಓಡಿಸುವಾಗ ಅವಳ ಬಾಯಲ್ಲಿ ಇದ್ದಿದ್ದು ಒಂದೇ ಮಾತು: "ಸ್ಲೋ, ಅಮ್ಮ, ಸ್ಲೋ."

ಗಾಡಿಯಿಂದ ಗಾಡಿಗೆ ಮಾತಾಡೋದು ರೇಡಿಯೋದಲ್ಲಿ. ಚಿಕ್ಕದಾಗಿ ಹೇಳಿ ಮುಗಿಸ್ಬೇಕು ಅನ್ನೋದು ನಿಯಮ. ಎರಡನೇ ದಿನ ಮರಳಿನ ದಾರಿಯಲ್ಲಿ ಹೃದಯದ ಡಾಕ್ಟರ್ ಹಿಂದೆ ಉಳಿದ್ರು. ಏನಾಯ್ತು ಅಂದೆ.

"ಐದು ವರ್ಷದ ಬಿಳಿ ಗಾಡಿ," ಅಂತ ಶುರು ಮಾಡಿದ್ರು. "ಹತ್ತು ನಿಮಿಷದಿಂದ ಮುಂದಕ್ಕೆ ಹೋಗೋಕೆ ಕಷ್ಟಪಡ್ತಾ ಇದೆ. ಮುಂಚೆ ಈ ಥರ ತೊಂದರೆ ಇರ್ಲಿಲ್ಲ. ಬೆಳಿಗ್ಗೆ ಡೀಸೆಲ್ ಚೆನ್ನಾಗಿ ತಗೊಂಡಿದೆ. ಸ್ವಲ್ಪ ಬಿಸಿ ಇದೆ, ಸುಟ್ಟ ವಾಸನೆ ಇದೆ."

"ಎಲ್ಲಿದೀರಿ ಅದು ಹೇಳಿ ಡಾಕ್ಟ್ರೇ."

"ಅದಕ್ಕೇ ಬರ್ತಾ ಇದೀನಿ. ಅಲರ್ಜಿ ಏನಿಲ್ಲ."

ನಾನು ಹಗ್ಗ, ಸಲಿಕೆ, ಹಲಗೆ ಎಲ್ಲಾ ಹೊರಗೆ ತೆಗೆಸಿದೆ. ಎಲ್ಲರೂ ಗಾಡಿ ತಿರುಗಿಸೋಕೆ ಸಿದ್ಧವಾದ್ರು. ಅಷ್ಟರಲ್ಲಿ ರೇಡಿಯೋದಲ್ಲಿ ಆಂಟಿ ಧ್ವನಿ ಕೇಳಿಸ್ತು. "ಡಾಕ್ಟ್ರೇ, ಹ್ಯಾಂಡ್‌ಬ್ರೇಕ್ ನೋಡಿದ್ರಾ?"

ರೇಡಿಯೋದಲ್ಲಿ ಟಕ್ ಅಂತ ಬ್ರೇಕ್ ಇಳಿದ ಸದ್ದಾಯ್ತು. ಆಮೇಲೆ ಬಹಳ ಸಣ್ಣ ಧ್ವನಿಯಲ್ಲಿ ಬಂತು:

"ಪೇಷಂಟ್ ಡಿಸ್ಚಾರ್ಜ್ ಆಗಿದ್ದಾರೆ."

೪. ದೊಡ್ಡ ಗುಡ್ಡ

ಕೊನೆಯ ದಿನ ಕೊನೆಯ ಗುಡ್ಡ. ಕೆಂಪು ಮರಳು, ಕೆಳಗೆ ನಿಂತು ತುದಿ ನೋಡಿದ್ರೆ ಹ್ಯಾಟು ಬೀಳುತ್ತೆ. ಅಲ್ಲಿವರೆಗೆ ಆಂಟಿ ಸ್ಟೀರಿಂಗ್ ಯಾರ ಕೈಗೂ ಹೋಗಿರ್ಲಿಲ್ಲ. ಇದೊಂದು ದಾಟಿದ್ರೆ ಮುಗೀತು.

ಮೊದಲ ಸಲ ಮುಕ್ಕಾಲು ಭಾಗಕ್ಕೆ ಹೋಗಿ ಗಾಡಿ ನಿಂತು ಹೋಯ್ತು. ಹೇಳಿಕೊಟ್ಟ ಹಾಗೆ ತಿರುಗಿಸೋಕೆ ಹೋಗದೆ, ನೇರ ಹಿಂದಕ್ಕೆ ಇಳಿಸಿಕೊಂಡು ಬಂದ್ರು. ಎರಡನೇ ಸಲ ಇನ್ನೊಂದು ಹತ್ತು ಮೀಟರ್ ಮೇಲೆ. ಮತ್ತೆ ಕೆಳಗೆ. ಹಿಂದೆ ಎಂಜಿನಿಯರು, ಹೃದಯದ ಡಾಕ್ಟರು ಕಾಯ್ತಾ ನಿಂತಿದ್ರು. ಪಾಪ, ಸಹಾಯ ಮಾಡೋ ಮನಸ್ಸಿಂದಲೇ ಹೃದಯದ ಡಾಕ್ಟರ್ ರೇಡಿಯೋದಲ್ಲಿ, "ಸಾರ್ ಒಂದ್ಸಲ ಹತ್ತಿಸಿಕೊಟ್ಬಿಡ್ಲಿ," ಅಂದ್ರು. ಮಗಳೂ ಕಿಟಕಿಯಿಂದ ತಲೆ ಹಾಕಿ, "ಅಮ್ಮ, ಪ್ಲೀಸ್, ಲೆಟ್ ಅಂಕಲ್ ಡೂ ಇಟ್," ಅಂದ್ಳು. ಅಂಕಲ್ ಅಂದ್ರೆ ಇಲ್ಲಿ ನಾನು.

ಸುಳ್ಳು ಯಾಕೆ ಹೇಳ್ಲಿ, ನನ್ನ ಕೈ ತುರಿಸ್ತಾ ಇತ್ತು. ಎರಡು ನಿಮಿಷದ ಕೆಲಸ. ಬಾಗಿಲ ಹಿಡಿ ಮೇಲೆ ಕೈ ಇಟ್ಟೂ ಆಗಿತ್ತು.

ಆಂಟಿ ನನ್ನ ಕೈ ನೋಡಿದ್ರು. "ತೆಗಿ," ಅಂದ್ರು. ತೆಗೆದೆ.

ಗಾಡಿಯಿಂದ ಇಳಿದು, ಅಂಕಲ್ ಹತ್ರ ಕಾಫಿ ಹಾಕಿಸಿಕೊಂಡು, ಗುಡ್ಡ ನೋಡ್ತಾ ನಿಧಾನಕ್ಕೆ ಕುಡಿದ್ರು. ಲೋಟ ಕೊಟ್ಟು, ಹಿಂದಿನ ಬಾಗಿಲು ತೆಗೆದ್ರು. ಅರವತ್ತು ಲೀಟರ್ ನೀರು, ಹತ್ತು ಕೆಜಿ ಅಕ್ಕಿ, ಎರಡು ಮಡಚೋ ಮಂಚ, ಮಗಳ ಸೂಟ್‌ಕೇಸು, ಹಿಂಡಾಲಿಯಮ್ ಪಾತ್ರೆ ಸೆಟ್ಟು. "ಎಲ್ಲಾ ಇಳಿಸಿ." ಇಳಿಸಿದ್ವಿ. "ಟೈರಿಗೆ ಇನ್ನೊಂದೆರಡು ಪಾಯಿಂಟ್ ಕಮ್ಮಿ." ಮಾಡಿದ್ವಿ. "ಇವರೂ ಇಳೀಲಿ." ಅಂಕಲ್ ಆಗಲೇ ಇಳಿದಿದ್ರು.

ಕೊನೆಗೆ ಮಗಳ ಕಡೆ ತಿರುಗಿದ್ರು. "ನೀನೂ ಇಳಿ ಪುಟ್ಟ. ನೀನು ಹಿಂದಿನಿಂದ 'ಸ್ಲೋ' ಅಂದಾಗೆಲ್ಲಾ ತುದಿ ಹತ್ರ ನನ್ನ ಕಾಲು ಎತ್ತಿಬಿಡುತ್ತೆ. ನಿಂಗೆ ಭಯ ಆಗುತ್ತಲ್ಲ ಅಂತ. ತಪ್ಪು ನಿಂದಲ್ಲ, ಕಾಲಿಂದು."

ಮಗಳು ಇಳಿದು ಅಪ್ಪನ ಪಕ್ಕ ನಿಂತ್ಕೊಂಡ್ಳು. ಅವಳ ಕಣ್ಣು ಕೆಂಪಾಗಿತ್ತು.

ಆಂಟಿ ಗಾಡಿ ಹಿಂದಕ್ಕೆ ತಗೊಂಡು, ಒಂದೇ ಸಮನೆ ಎಂಜಿನ್ ಸದ್ದಿನಲ್ಲಿ ಬಂದ್ರು. ಎಳೆತ ಇಲ್ಲ, ಜಗ್ಗಾಟ ಇಲ್ಲ. ಮುಕ್ಕಾಲು ದಾಟಿತು. ಎರಡನೇ ಸಲ ನಿಂತ ಜಾಗವೂ ದಾಟಿತು. ತುದಿಯಲ್ಲಿ ಒಂದು ಕ್ಷಣ ಎದುರು ಬರೋರಿಗೆ ಕಾಣ್ಲಿ ಅಂತ ಗಾಡಿಗೆ ಕಟ್ಟಿದ್ದ ಉದ್ದ ಕೋಲಿನ ಬಾವುಟ ಮಾತ್ರ ಕಂಡು, ಅದೂ ಕಣ್ಮರೆಯಾಯ್ತು. ಆಮೇಲೆ ರೇಡಿಯೋದಲ್ಲಿ ಧ್ವನಿ: "ಮೇಲೆ ಬಂದಿದೀನಿ. ಗಾಳಿ ಬಹಳ ಚೆನ್ನಾಗಿದೆ."

ನಾವೆಲ್ಲಾ ಚಪ್ಪಾಳೆ ತಟ್ಟಿದ್ವಿ. ಕಣ್ಣಿಗೆ ಮರಳು ಬಿತ್ತು ಅಂತ ನೆಪ ಹೇಳೋನಲ್ಲ ನಾನು, ಅತ್ತೇ ಬಿಟ್ಟೆ. ನನ್ನ ಸ್ಟೂಡೆಂಟು. ಎದೆ ಉಬ್ಬಿ ಶರ್ಟಿನ ಗುಂಡಿ ಕಿತ್ತು ಬರೋದೊಂದು ಬಾಕಿ.

ಆ ಹುರುಪಿನಲ್ಲೇ, "ನೀವಿಬ್ಬರೂ ಯಾಕೆ ನಡೀತೀರಿ, ನನ್ನ ಗಾಡಿ ಹತ್ತಿ," ಅಂದೆ. ಅಂಕಲ್ ಹತ್ತಿದ್ರು, ಮಗಳು ಹತ್ತಿದ್ಳು. ಅರವತ್ತು ಲೀಟರ್ ನೀರು, ಅಕ್ಕಿ, ಮಂಚ, ಸೂಟ್‌ಕೇಸು, ಪಾತ್ರೆ, ಎಲ್ಲವನ್ನೂ ನನ್ನ ಗಾಡಿಗೆ ತುಂಬಿಸಿದೆ. ಗಾಳಿ ಇನ್ನಷ್ಟು ಇಳಿಸೋದಾ? ನಂಗ್ಯಾಕೆ ಇಳಿಸೋದು, ನಾನು ಹೇಳಿಕೊಡೋನು. ಹೊರಟೆ.

ಸರಿಯಾಗಿ ತುದಿಯಲ್ಲಿ, ಹೊಟ್ಟೆ ಮರಳಿಗೆ ತಾಗಿ, ಮುಂದಿನ ಚಕ್ರ ಆ ಕಡೆ, ಹಿಂದಿನ ಚಕ್ರ ಈ ಕಡೆ, ಗಾಡಿ ತಕ್ಕಡಿ ಹಾಗೆ ಕೂತ್ಬಿಡ್ತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಹನ್ನೊಂದು ವರ್ಷದಲ್ಲಿ ನನ್ನ ಗಾಡಿಗೆ ಯಾರೂ ಹಗ್ಗ ಕಟ್ಟಿದ್ದಿಲ್ಲ. ಉಳಿದ ಗಾಡಿಗಳೆಲ್ಲಾ ಕೆಳಗೆ. ಮೇಲಿದ್ದದ್ದು ಒಂದೇ ಗಾಡಿ.

ಆಂಟಿ ಗಾಡಿ ನೇರ ಮಾಡಿಕೊಂಡ್ರು, ಅಂಕಲ್ ಹಗ್ಗ ಕಟ್ಟಿದ್ರು, ಮಗಳು ದೂರ ನಿಂತು ಕೈ ಎತ್ತಿ ಸನ್ನೆ ಮಾಡಿದ್ಳು. ಒಂದೇ ಎಳೆತಕ್ಕೆ ನಾನು ಅರವತ್ತು ಲೀಟರ್ ನೀರಿನ ಸಮೇತ ಹೊರಗೆ ಬಂದೆ.

ಮಗಳು ಬಂದು ಅಮ್ಮನನ್ನ ಗಟ್ಟಿಯಾಗಿ ತಬ್ಬಿಕೊಂಡ್ಳು. ಆಮೇಲೆ ನನ್ನ ಹತ್ರ ಬಂದು, ಮೂರು ದಿನದಲ್ಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದ್ಳು: "ಅಂಕಲ್, ನಾನೂ ಇದನ್ನ ಕಲೀಬೇಕು. ಮುಂದಿನ ಬ್ಯಾಚಿಗೆ ನನ್ನ ಹೆಸರು ಬರ್ಕೊಳ್ಳಿ."

ಹಗ್ಗ ಬಿಚ್ಚೋಕೆ ಮರಳಲ್ಲಿ ಕೂತಿದ್ದೋನು ಮರಳು ಕೊಡವಿಕೊಂಡು ಎದ್ದು ನಿಂತೆ. ಹೋದ ಮಾನವೆಲ್ಲಾ ಒಂದೇ ಏಟಿಗೆ ವಾಪಸ್ ಬಂದಂಗಾಯ್ತು. "ಅದಕ್ಕೇನಮ್ಮ, ಧಾರಾಳವಾಗಿ ಕಲಿಸ್ತೀನಿ," ಅಂದೆ.

"ನೀವಲ್ಲ," ಅಂದ್ಳು. "ಅಮ್ಮ ಕಲಿಸಬೇಕು."