ಒಲ್ಲೆ ಅಂತ ಬರೆದ ಅರ್ಜಿ

ನಗ್ತಾರಂತ ಅಂಜೋರ ಮನಿ ಹುಡುಕ್ಕೊಂಡು ಬರ್ತಾವ ನೋಡ್ರಿ ನಗುವಂಥ ಪ್ರಸಂಗ. ಬಾಲಾನಗರದ ಒಂದು ಕಾರ್ಖಾನ್ಯಾಗ ಹನ್ನೆರಡು ವರ್ಷ ಬಾಯಿ ಮುಚ್ಚಿಕೊಂಡು ಬಿಡಿಭಾಗ ಅಳೆಯೋ ಕೆಲಸ ಮಾಡಿದಾಕಿ ನಾನು. ಒಂದಿನ ಏಕಾಏಕಿ ಶಿಫ್ಟ್ ಇನ್‌ಚಾರ್ಜ್ ಮಾಡಿಬಿಟ್ರು. ಆಮ್ಯಾಲಿನ ಎರಡು ತಿಂಗಳು ನನ್ನನ್ನ ಸಹಿಸಿಕೊಂಡವರನ್ನ ನೆನಸಿದ್ರ ಇವತ್ತಿಗೂ ಕೈ ಮುಗೀಬೇಕು ಅನಸ್ತೈತಿ.

೧. ಕಾಕಾನ ಕಿಸೆ

ಆರ್ಡರ್ ಬಂದ ದಿನಾನ ಹಿಂದಿಯೊಳಗ ಒಂದು ಅರ್ಜಿ ಬರದೆ: ಈ ಹುದ್ದೆಗೆ ನಾನು ಯೋಗ್ಯಳಲ್ಲ, ಜನ ನಗ್ತಾರಂತ ಅಂಜಿಕಿ ಐತಿ, ದಯಮಾಡಿ ಬಿಡುಗಡೆ ಮಾಡ್ರಿ. ಅದನ್ನ ಸಾಹೇಬ್ರಿಗೆ ಕೊಡಾಕೂ ಧೈರ್ಯ ಬೇಕಲ್ಲ! ನಮ್ಮ ಶಿಫ್ಟಿನ್ಯಾಗ ಬೀದರ ಕಡೆಯ ಹಿರಿಯ ಫಿಟ್ಟರ್ ಒಬ್ರಿದ್ರು, ಎಲ್ಲಾರೂ ಕಾಕಾ ಅಂತಿದ್ರು. ಅವರ ಕೈಯಾಗ ಕೊಟ್ಟೆ.

ಮರುದಿನ ಕೇಳಿದೆ, "ಕೊಟ್ರೇನ್ರಿ ಕಾಕಾ?"

"ಇವತ್ತು ಸಾಹೇಬ್ರ ಮಾರಿ ಸರಿ ಇಲ್ಲ ಯವ್ವಾ."

ಅದರ ಮರುದಿನ ಮತ್ತ ಕೇಳಿದೆ.

"ಇವತ್ತು ಭಾಳ ಖುಷಿಯಾಗ್ಯಾರ. ಸುಮ್ನ ಯಾಕ ಕೆಡಸೋದು?"

೨. ರೊಟ್ಟಿ ಮುಂದ ಭಾಷಣ

ಇನ್‌ಚಾರ್ಜ್ ಆದವರು ದಿನಾ ಮುಂಜಾನೆ ಶಿಫ್ಟ್ ಶುರು ಆಗೋಕಿಂತ ಮೊದಲ ಎಲ್ಲಾರನ್ನೂ ನಿಲ್ಲಿಸಿ ಐದು ನಿಮಿಷ ಮಾತಾಡಬೇಕು. ನನ್ನ ಮೊದಲನೇ ಭಾಷಣದ ಹಿಂದಿನ ರಾತ್ರಿ ನಾರಾಯಣಗೂಡದ ನಮ್ಮ ಅಡಗಿಮನ್ಯಾಗ ಅತ್ತಿ ರೊಟ್ಟಿ ಬಡಿಯಾಕತ್ತಿದ್ರು. ನಾನು ಬಾಜೂಕ ನಿಂತು ಶುರು ಮಾಡಿದೆ, "ಎಲ್ಲಾರೂ ಕೈಗವಸು ಹಾಕ್ಕೊಳ್ರಿ..."

"ಕೈಗವಸು ಹಾಕ್ಕೊಂಡು ರೊಟ್ಟಿ ಹೆಂಗ ಬಡೀಲಿ?" ಅಂದ್ರು ಅತ್ತಿ.

"ನಿಮಗಲ್ಲರಿ ಅತ್ತಿ, ನಾಳೆ ಜನಕ್ಕ ಹೇಳಬೇಕು. ನಗ್ತಾರರಿ ಅವರು."

"ನಗಲಿ ಬಿಡು. ಅವರ ಹಲ್ಲಿಗೂ ಒಂದೀಟು ಗಾಳಿ ಆಡ್ತೈತಿ."

ಆ ಧೈರ್ಯದ ಮ್ಯಾಲ ಹೋದೆ. ಆದ್ರ ಮಂದಿ ಮಾರಿ ನೋಡಾಕ ಆಗಲಿಲ್ಲ. ಮೂಲ್ಯಾಗಿನ ಡ್ರಿಲ್ಲಿಂಗ್ ಮಿಷನ್ ನೋಡ್ಕೋತ ಎಲ್ಲಾ ಒದರಿ ಮುಗಿಸಿದೆ. ಹಿಂದಿನಿಂದ ಒಬ್ಬ ವೆಲ್ಡರ್ ಕೈ ಎತ್ತಿದ, "ಮೇಡಂ, ಮಿಷನ್‌ಗೆ ಎಲ್ಲಾ ತಿಳೀತು. ಇನ್ನ ನಮಗೂ ಒಂದೀಟು ಹೇಳ್ರಿ."

೩. ಮೂರು ಚಾ

ನಮ್ಮಲ್ಲಿ ಒಬ್ಬ ಮಶಿನಿಸ್ಟ್, ಭಾಳ ಸಿಟ್ಟಿನ ಮನಶ್ಯಾ. ಅವ ಮಾಡಿದ ಪೀಸ್ ಅಳತಿ ತಪ್ಪಿತ್ತು. ಹೇಳಬೇಕಾದಾಕಿ ನಾನು, ಹೇಳಾಕ ಬಾಯಿ ಬರವಲ್ದು. ಒಂದು ಚಾ ತರಿಸಿಕೊಟ್ಟು, "ಬಿಸಲು ಭಾಳ ಅಲ್ಲೇನ್ರಿ?" ಅಂತ ಬಂದುಬಿಟ್ಟೆ. ತಾಸಿನ ಮ್ಯಾಲ ಇನ್ನೊಂದು ಚಾ, ಮಕ್ಕಳ ಓದು ಕೇಳಿದೆ. ಮೂರನೇ ಚಾಕ್ಕ ಕಣ್ಣು ಮುಚ್ಚಿ, "ಅಣ್ಣಾ, ಪೀಸ್ ತಪ್ಪಾಗೈತಿ" ಅಂದೆ.

ಅವ ತಣ್ಣಗ ಕಪ್ ಕೆಳಗಿಟ್ಟ. "ಮೊದಲನೇ ಚಾಕ್ಕ ತಿಳೀತು ಮೇಡಂ. ಪೀಸ್ ಆಗಲೇ ಹೊಸದು ಮಾಡೇನಿ. ಸಮೋಸಾನೂ ಬರ್ತೈತೇನೋ ಅಂತ ಸುಮ್ನ ಕುಂತಿದ್ದೆ."

೪. ಪ್ರತಿಜ್ಞೆ

ವರ್ಷಕ್ಕೊಮ್ಮೆ ಸುರಕ್ಷತಾ ದಿನ. ಅಂಗಳದಾಗ ಇಡೀ ಕಾರ್ಖಾನಿ ಬಲಗೈ ಮುಂದ ಚಾಚಿ ನಿಲ್ತೈತಿ. ಒಬ್ರು ಹಿಂದಿಯೊಳಗ ಪ್ರತಿಜ್ಞೆ ಓದಬೇಕು, ಉಳದವರು ಸಾಲು ಸಾಲು ತಿರುಗಿ ಹೇಳಬೇಕು. ದೊಡ್ಡ ಸಾಹೇಬ್ರೂ ಅಷ್ಟ. ಆ ವರ್ಷ ಓದೋ ಪಾಳಿ ನಂದು.

ಮುಂಜಾನೆ ಕಾಕಾನ ಮ್ಯಾಲ ಹರಿಹಾಯ್ದೆ. "ಎರಡು ತಿಂಗಳಾತು, ಅರ್ಜಿ ಇನ್ನೂ ನಿಮ್ಮ ಕಿಸೇದಾಗ ಐತಿ! ಕೊಡ್ರಿ ಇಲ್ಲೆ. ಇವತ್ತು ಓದಿದ ಮ್ಯಾಲ ನಾನ ಕೊಡ್ತೀನಿ." ಕಸಗೊಂಡು ನನ್ನ ಏಪ್ರನ್ ಕಿಸೆಗೆ ತುರುಕಿದೆ. ಅದರಾಗ ಪ್ರತಿಜ್ಞೆ ಕಾಗದನೂ ಇತ್ತು.

ಮೈಕ್ ಮುಂದ ನಿಂತೆ. ಕೈಗೆ ಸಿಕ್ಕ ಕಾಗದ ಬಿಚ್ಚಿ, ಮಾರಿ ಎತ್ತದ ಓದಿದೆ, "ಕೆಳಗೆ ಸಹಿ ಮಾಡಿದ ನಾನು..."

ಇನ್ನೂರು ಮಂದಿ ಗಟ್ಟಿಯಾಗಿ, "ಕೆಳಗೆ ಸಹಿ ಮಾಡಿದ ನಾನು!"

"ಈ ಹುದ್ದೆಗೆ ಯೋಗ್ಯಳಲ್ಲ..."

"ಈ ಹುದ್ದೆಗೆ ಯೋಗ್ಯಳಲ್ಲ!" ಮೀಸಿ ಹೊತ್ತವರೆಲ್ಲಾ ಹಂಗ ಅಂದ್ರು. ಈ ವರ್ಷ ಪ್ರತಿಜ್ಞೆ ಬದಲಾಗೈತಿ ಅಂತ ತಿಳಕೊಂಡಿದ್ರಂತ.

"ಜನ ನಗ್ತಾರಂತ ನನಗೆ ಅಂಜಿಕೆ ಇದೆ..."

"ಜನ ನಗ್ತಾರಂತ ನನಗೆ ಅಂಜಿಕೆ ಇದೆ!"

ಆವಾಗ ತಿಳೀತರಿ ನನಗ. ಮಾರಿ ಎತ್ತಿ ನೋಡಿದ್ರ, ಮುಂದಿನ ಸಾಲಿನ್ಯಾಗ ದೊಡ್ಡ ಸಾಹೇಬ್ರು ಕೈ ಚಾಚಿ, ಕಣ್ಣು ಮುಚ್ಚಿ, ಭಕ್ತಿಲೆ ನಿಂತಾರ! ಅವರ ಹಿಂದ ಕಾಕಾ ಹೊಟ್ಟಿ ಹಿಡಕೊಂಡು ನಕ್ಕೋತ ಕುಂತಬಿಟ್ಟಾರ. ನನಗ ತಡಕೊಳ್ಳಾಕ ಆಗಲಿಲ್ಲ, ಮೈಕಿನ್ಯಾಗ ನಕ್ಕುಬಿಟ್ಟೆ. ಇಡೀ ಅಂಗಳ ನಕ್ಕಿತು. ಹನ್ನೆರಡು ವರ್ಷ ಅಂಜಿದ್ದು ಇಷ್ಟಕ್ಕೇನು ಅನಿಸ್ತು ನೋಡ್ರಿ.

"ಕಾಗದ ತಪ್ಪೈತಿ! ಯಾರೂ ಕೈ ಇಳಿಸಬ್ಯಾಡ್ರಿ!" ಅಂತ ಒದರಿದೆ. ಒಬ್ರೂ ಇಳಿಸಲಿಲ್ಲ. ಖರೇ ಪ್ರತಿಜ್ಞೆ ತಗದು, ಎಲ್ಲಾರ ಮಾರಿ ನೋಡ್ಕೋತ ಕಡೀತನಕ ಓದಿದೆ.

ಮುಗಿದ ಮ್ಯಾಲ ದೊಡ್ಡ ಸಾಹೇಬ್ರು ಆ ಅರ್ಜಿ ಇಸಗೊಂಡು, ಚಸ್ಮಾ ಏರಿಸಿ ಪೂರಾ ಓದಿದ್ರು. ನಾನು ಕೈ ಮುಗದು ನಿಂತಿದ್ದೆ.

"ಇದನ್ನ ಮಂಜೂರು ಮಾಡಾಕ ಬರೂದಿಲ್ಲಮ್ಮಾ," ಅಂದ್ರು. "ನಿನ್ನ ಜೊತಿಗೆ ಇನ್ನೂರು ಮಂದಿ ಯೋಗ್ಯಳಲ್ಲ ಅಂತ ಒದರ್ಯಾರ. ನಾನೂ ಒದರೇನಿ. ಎಲ್ಲಾರನ್ನೂ ಬಿಡುಗಡೆ ಮಾಡಿದ್ರ ನಾಳೆ ಕಾರ್ಖಾನಿ ಬಾಗಲಾ ತಗಿಯಾವರು ಯಾರು?"