ಉಡಿದಾರದಲ್ಲಿ ಚೀನದ ಅರಸ

ತೂತಿನ ನಾಣ್ಯ ಇರುವ ಮನೆಗೆ ನಗುವೂ ಆ ತೂತಿನಿಂದಲೇ ನುಗ್ಗುತ್ತದೆ. ನಮ್ಮ ಮನೆಗಂತೂ ನುಗ್ಗುತ್ತಲೇ ಇದೆ.

ನಮ್ಮ ಅತ್ತೆಯ ತವರು ಬಾರ್ಕೂರು. ಅಲ್ಲಿ ಗದ್ದೆ ಉಳುವಾಗ ನಡುವೆ ಚೌಕ ತೂತಿರುವ ತಾಮ್ರದ ನಾಣ್ಯಗಳು ಸಿಕ್ಕಿದ್ದವು. ಹಿಂದೆ ಚೀನದ ಹಡಗು ಬರುತ್ತಿತ್ತಂತೆ. ಆ ನಾಣ್ಯಗಳಲ್ಲೊಂದನ್ನು, ದೃಷ್ಟಿ ತಾಗದಿರಲಿ ಎಂದು, ಮನೆಯ ಮಗುವಿನ ಉಡಿದಾರಕ್ಕೆ ಪೋಣಿಸುವುದು, ಉಳಿದವನ್ನು ಡಬ್ಬಿಯಲ್ಲಿಡುವುದು ನಮ್ಮ ಕ್ರಮ. "ಇದ್ ಯಾವ ಅರಸಂದ್ ಅಂದ್ ಒಂದಿನ ತಿಳ್ಕಣ್ಕ್" ಎನ್ನುತ್ತಲೇ ಅತ್ತೆ ತೀರಿಕೊಂಡರು. ಆಸೆ ನನಗೆ ಉಳಿಯಿತು. ಕೋಡಿ ಊರಿನ ನಮ್ಮ ಜಗಲಿಯಲ್ಲಿ ಕೂತು ಕಡಲು ನೋಡುತ್ತಿದ್ದರೆ, ರೇಷ್ಮೆ ಅಂಗಿಯ ಅರಸನೊಬ್ಬ ಹಡಗಿನ ತುದಿಯಲ್ಲಿ ನಿಂತು, ನಮ್ಮ ಮನೆ ಯಾವುದು ಎಂದು ಹುಡುಕಿದ ಹಾಗೆ ಕಾಣುತ್ತದೆ.

೧. ಫೋನು ಹೇಳಿದ್ದು

ಸೊಸೆ ಒಂದು ನಾಣ್ಯದ ಫೋಟೋ ತೆಗೆದು ಫೋನನ್ನೇ ಕೇಳಿದಳು. "ಅತ್ತೆ, ಇದ್ ಅಂಗಿ ಗುಂಡಿ ಅಂಬ್ರ್!"

"ಇಷ್ಟ್ ದೊಡ್ಡ ಗುಂಡಿ ಹಾಕ್ದ ಅಂಗಿ ಅರಸಂದೇ ಇರ್ಕ್, ಹೆಣೆ!" ಎಂದೆ.

೨. ಹುಣಸೆಹುಳಿ

ಸಾಲಿಗ್ರಾಮದಲ್ಲಿ ಹಳೇ ನಾಣ್ಯ ಕೂಡಿಡುವ ಮಾಸ್ಟ್ರೊಬ್ಬರಿದ್ದಾರೆ. ಮಂಗಳವಾರ ಬರುತ್ತೇನೆ ಎಂದರು. ಬೆಳಿಗ್ಗೆ ಎದ್ದವಳೇ ಡಬ್ಬಿಯ ನಾಣ್ಯಗಳನ್ನು ದೇವರ ದೀಪದ ಹಾಗೆ ಹುಳಿ, ಬೂದಿ ಹಾಕಿ ತಿಕ್ಕಿದೆ. ಪ್ರತಿ ದೀಪಾವಳಿಗೂ ತಿಕ್ಕುತ್ತಿದ್ದೆ ಅನ್ನಿ. ಪಳಪಳ ಹೊಳೆದವು. ಮಾಸ್ಟ್ರು ನೋಡಿ ತಲೆ ಮೇಲೆ ಕೈ ಹೊತ್ತರು.

"ಅಮ್ಮಾ, ಆ ಹಸ್ರ್ ಕಿಲುಬೇ ಇದ್ರ್ ವಯಸ್ಸ್! ಎಂತಕ್ಕೆ ತಿಕ್ಕಿದ್ರಿ?"

"ನೆಂಟ್ರ್ ಬಪ್ಪತಿಗೆ ಅರಸಂಗೆ ಮುಖ ತೊಳ್ಸ್ದೆ ನಿಲ್ಸುಕಾತ್ತಾ?"

"ಮುಖವೇ ತೊಳ್ದ್ ಹೋಯ್ತಲೆ ಮರಾಯ್ರೆ!"

೩. ಮಂಚದಡಿಯ ಅರಸ

ಅಕ್ಷರ ಉಳಿದದ್ದು ಒಂದರಲ್ಲೇ, ಮೊಮ್ಮಗನ ಸೊಂಟದ್ದರಲ್ಲಿ. ಎಣ್ಣೆಜಿಡ್ಡೇ ಅದನ್ನು ಕಾಪಾಡಿತ್ತು.

"ಬಿಚ್ಚಿ ಕೊಡಿ, ಕಾಂಬ" ಎಂದರು ಮಾಸ್ಟ್ರು.

"ಹೊಸತ್ ಕಟ್ದೆ ಹಳೇ ಉಡಿದಾರ ಬಿಚ್ಚುಕಾಗ. ಮಂಗ್ಳಾರ ಹೊಸತ್ ಕಟ್ಟುಕಾಗ."

ಇನ್ನೇನು ಮಾಡುತ್ತಾರೆ? ಭೂತಗನ್ನಡಿ ಹಿಡಿದು ಮಾಸ್ಟ್ರೂ ಅಂಬೆಗಾಲಿಟ್ಟರು. ಮಾಣಿಗೆ ಆಟ! ಮುಂದೆ ಅವನು, ಹಿಂದೆ ಅವರು, ಜಗಲಿ ದಾಟಿ, ಚಾವಡಿ ದಾಟಿ, ಮಂಚದಡಿ ಹೊಕ್ಕರು. ಸಿಕ್ಕಿಬಿದ್ದ ಮಾಣಿ ಮಾಸ್ಟ್ರ ಜುಟ್ಟಿಗೇ ಕೈ ಹಾಕಿ, ತೆಂಗಿನ ಮರದ ಕಾಗೆ ಹಾರುವಂತೆ ಕಿರುಚಿದ. ಅದರ ನಡುವೆ ಮಾಸ್ಟ್ರ ಸ್ವರ: "ಮೇಲೊಂದ್ ಅಕ್ಷರ... ಕೆಳ್ಗೊಂದ್... ಬಲಕ್ಕೆ... ಎಡಕ್ಕೆ... ಸಿಕ್ತ್ ಅಮ್ಮಾ!"

ನಾನು ಮಂಚದಡಿಗೆ ಬಗ್ಗಿದೆ. "ಅರಸನ ಹೆಸ್ರೆಂತ?"

"ಇದ್ ಅರಸನ ಹೆಸ್ರಲ್ಲ, ಅವ ತನ್ನ ಆಳ್ವಿಕೆ ಕಾಲಕ್ಕೆ ಇಟ್ಟ ಹೆಸ್ರ್. ಸಾವ್ರ ವರ್ಷ ಹಿಂದಿಂದ್. 'ಮಹಾಶಾಂತಿ' ಅಂದ್ ಬರ್ದಿತ್ತ್! ಅಯ್ಯಯ್ಯೋ, ಜುಟ್ಟ್ ಬಿಡ್ಸಿ!"

ನಾನು ಕಡಲ ಕಡೆ ತಿರುಗಿದೆ. ಹಡಗಿನ ಅರಸ ಮೆಲ್ಲಗೆ ಹಾಯಿ ಇಳಿಸಿದ. ಪಕ್ಕದಲ್ಲಿ ಅತ್ತೆ ನಿಂತಿದ್ದರು ಅನಿಸಿತು. ಮಂಚದಡಿ ಮಾತ್ರ ಕಿರುಚಾಟ ನಿಂತಿರಲಿಲ್ಲ.

"ಮಾಸ್ಟ್ರೆ," ಎಂದೆ, "ನಮ್ಮನಿ ಮಕ್ಳೆಲ್ಲ ಈ ಮಹಾಶಾಂತಿ ಕಟ್ಕಂಡೇ ಕೇರಿ ಎಬ್ಸಿದ್ದ್. ಒಂದಕ್ಕಾರೂ ಓದುಕೆ ಬಂದಿದ್ರೆ!"